ಹಿತ್ತಿಲ ಕೊಟ್ಟಿಗೆಯಲ್ಲಿ ಕೋಳಿಯ ಮನೆ



ಸಂಗೊಳ್ಳಿಯೆಂಬ ಹೆಸರು ಕಿವಿಗೆ ಬಿದ್ದೊಡನೆ ಕನ್ನಡಿಗರ ಮನಸ್ಸು ಕಿತ್ತೂರಿನ ಕಡೆಗೆ ಹರಿಯುವುದು ಸಹಜ. ೧೮೩೧ನೆಯ ಇಸವಿ ಜನವರಿ ೨೬ರಂದು ನಂದಗಡದಲ್ಲಿ ಗಲ್ಲಿಗೇರಿದ ರಾಯಣ್ಣನ ಊರು ಅದು. ಬೈಲಹೊಂಗಲ ತಾಲ್ಲೂಕಿನಲ್ಲಿ, ಮಲಪ್ರಭೆಯ ದಡದಲ್ಲಿ ಇರುವ ಆ ಗ್ರಾಮದ ವೀರಚರಿತ್ರೆಯನ್ನು ಹೇಳಬಲ್ಲವರು ಅನೇಕರಿದ್ದಾರೆ. ನಾವು ಈ ದಿನ ಅದೇ ಊರಿನ ಹಿತ್ತಿಲ ಬಾಗಿಲಿನಿಂದ ಒಳಹೊಕ್ಕು, ಅಲ್ಲಿ ಕಾಣುವ ಒಂದು ಸಣ್ಣ ವಸ್ತುವಿನ ವಿಚಾರವಾಗಿ ನಿಮ್ಮೊಡನೆ ಮಾತನಾಡಬೇಕೆಂದಿದ್ದೇವೆ. ಆ ವಸ್ತು ಯಾವುದೆಂದರೆ, ತೆರವಾಗಿ ನಿಂತ ಕೊಟ್ಟಿಗೆ.

ಬೈಲಹೊಂಗಲ, ಸವದತ್ತಿ, ರಾಮದುರ್ಗ, ಕಿತ್ತೂರುಗಳ ಸೀಮೆ ಎತ್ತಿನ ಬೇಸಾಯಕ್ಕೆ ಹೆಸರಾದ ಎರೆಭೂಮಿಯ ನಾಡು. ಎತ್ತು ಇದ್ದ ಕಡೆ ಕೊಟ್ಟಿಗೆ ಇರಲೇಬೇಕಷ್ಟೆ. ಒಲೆಗೆ ಹತ್ತಿಯ ಕಟ್ಟಿಗೆಯನ್ನೂ ಸೌದೆಯನ್ನೂ ಕೂಡಿಡುವುದಕ್ಕೆ ಇನ್ನೊಂದು ಮಾಡೂ ಇರುತ್ತಿತ್ತು. ಈಗ ಉಳುವ ಕೆಲಸವನ್ನು ಟ್ರ್ಯಾಕ್ಟರು ವಹಿಸಿಕೊಂಡಿದೆ. ಅಡಿಗೆಮನೆಗೆ ಗ್ಯಾಸು ಬಂದಿದೆ. ಎತ್ತುಗಳನ್ನು ಮಾರಿದ ಮನೆಗಳಲ್ಲಿ ಕೊಟ್ಟಿಗೆ ಮಾತ್ರ ಉಳಿದಿದೆ. ಅದರೊಳಗೆ ಮುರಿದ ಕುಂಟೆ, ಹರಿದ ಚೀಲ, ಒಡೆದ ಹೆಂಚು, ಖಾಲಿಯಾದ ಔಷಧದ ಡಬ್ಬಿ. ಪಟ್ಟಣಗಳಲ್ಲಿಯೂ ಸ್ಥಿತಿ ಬೇರೆಯಲ್ಲ. ಬೆಳಗಾವಿ, ಧಾರವಾಡ, ಮೈಸೂರುಗಳ ಹಳೆಯ ಮನೆಗಳ ಹಿಂದೆ ತೋಟದ ಸಾಮಾನಿಡಲು ಕಟ್ಟಿಸಿದ ಕೊಠಡಿಗಳು ಜೇಡರ ಬಲೆಗೆ ಆಶ್ರಯವಾಗಿ ನಿಂತಿರುವುದನ್ನು ನೀವೇ ಕಂಡಿರಬಹುದು. ಇಂಥ ಕೊಟ್ಟಿಗೆಯನ್ನು ಅಲ್ಪವ್ಯಯದಿಂದ ಹದಿನೈದು ಇಪ್ಪತ್ತು ಕೋಳಿಗಳ ವಾಸಕ್ಕೆ ತಕ್ಕುದಾಗಿ ಮಾರ್ಪಡಿಸುವುದು ಹೇಗೆ ಎಂಬುದೇ ಈ ಭಾಷಣದ ವಿಷಯ.

ಆಹಾರದ ವಿಚಾರ ಒಂದೊಂದು ಮನೆಯ ಆಚಾರಕ್ಕೆ ಸೇರಿದುದು. ಅದರಲ್ಲಿ ನಾವು ಕೈಹಾಕುವುದಿಲ್ಲ. ಆದರೆ ಕೋಳಿ ಸಾಕುವ ಮನೆಗಳಲ್ಲಿ ಆ ಸಂಪಾದನೆ ಬಹುಮಟ್ಟಿಗೆ ಗೃಹಿಣಿಯ ಕೈಗೇ ಸೇರತಕ್ಕದ್ದೆಂಬುದನ್ನು ಮರೆಯಬಾರದು. ಹೊಲದ ಪೈರು ಮಾರಿದ ಹಣ ಸಾಲಕ್ಕೋ ಬೀಜಕ್ಕೋ ಹೋಗುವುದು. ಆ ಸೀಮೆಯವರು ತತ್ತಿಯೆಂದು ಕರೆಯುವ ಮೊಟ್ಟೆಯನ್ನು ಮಾರಿ ಬಂದ ಚಿಲ್ಲರೆ ಮಾತ್ರ ಮಗುವಿನ ಪಾಟಿಗೂ ಮದ್ದಿಗೂ ಯಾರನ್ನೂ ಕೇಳದೆ ಸಲ್ಲುವುದು. ಅದೇ ಕಾರಣದಿಂದ ಒಂದು ರಾತ್ರಿ ಮುಂಗುಸಿ ನುಗ್ಗಿದರೆ, ಅಥವಾ ಒಂದು ವಾರ ರೋಗ ಹೊಕ್ಕರೆ, ನಷ್ಟವೆಲ್ಲ ಆಕೆಯದೇ. ಕೋಳಿಯ ಮನೆಯನ್ನು ಸರಿಯಾಗಿ ಕಟ್ಟುವುದರ ಮಹತ್ವ ಇಲ್ಲಿದೆ.

ಕಟ್ಟುವುದಕ್ಕೆ ಮೊದಲು ಕೋಳಿ ಎಂಥ ಹಕ್ಕಿಯೆಂಬುದನ್ನು ತಿಳಿಯಬೇಕು. ಸಾಕುಕೋಳಿಯ ಮೂಲಪುರುಷ ಕೆಂಪು ಕಾಡುಕೋಳಿಯೆಂದು ಡಾರ್ವಿನ್ ಪಂಡಿತನು ಹೇಳಿದನು. ಆ ಮಾತು ಬಹುಪಾಲು ನಿಂತಿದೆ. ಆದರೆ ಸಾಕುಕೋಳಿಯ ಹಳದಿ ಕಾಲಿಗೆ ಕಾರಣವಾದ ವಂಶಾಂಶ ನಮ್ಮ ಪಶ್ಚಿಮ ಘಟ್ಟಗಳಲ್ಲಿಯೂ ವಾಸಿಸುವ ಬೂದುಬಣ್ಣದ ಕಾಡುಕೋಳಿಯಿಂದ ಬಂದುದೆಂದು ೨೦೦೮ನೆಯ ಇಸವಿಯಲ್ಲಿ ವಿಜ್ಞಾನಿಗಳು ತೋರಿಸಿದರು. ಎರಡೂ ಕಾಡಿನಂಚಿನ ಹಕ್ಕಿಗಳು. ಹಗಲೆಲ್ಲ ತರಗೆಲೆಯನ್ನು ಕೆದಕಿ ಹುಳುವನ್ನೂ ಕಾಳನ್ನೂ ಆಯುವುವು. ಒಣಮಣ್ಣಿನಲ್ಲಿ ಹೊರಳಿ ಧೂಳಿಯ ಸ್ನಾನ ಮಾಡುವುವು. ಮರೆಯಾದ ಪೊದೆಯಲ್ಲಿ ಮೊಟ್ಟೆಯಿಡುವುವು. ಇರುಳಾದರೆ ಕೊಂಬೆಯನ್ನೇರಿ ನಿದ್ರಿಸುವುವು. ಸಾವಿರಾರು ವರ್ಷ ನಮ್ಮ ಅಂಗಳದಲ್ಲಿದ್ದರೂ ಈ ನಾಲ್ಕು ಗುಣಗಳನ್ನು ಕೋಳಿ ಬಿಟ್ಟಿಲ್ಲ. ಕೆದಕಲು ನೆಲ, ಹೊರಳಲು ಧೂಳಿ, ಮೊಟ್ಟೆಗೆ ಮರೆ, ಮಲಗಲು ಕೊಂಬೆ. ಇವುಗಳನ್ನು ಕೊಟ್ಟ ಮನೆ ಎಷ್ಟು ಬಡದಾದರೂ ಅದಕ್ಕೆ ಮೆಚ್ಚುಗೆಯೇ. ಇವುಗಳನ್ನು ಕೊಡದ ಮನೆಗೆ ಬಣ್ಣ ಬಳಿಸಿ ಫಲವಿಲ್ಲ.

ಮರದ ಮೇಲೆ ಮಲಗುವ ಕೋಳಿ ಸೆಕೆಯಾದರೆ ಬೇರೆ ಕೊಂಬೆಗೆ ಹಾರುವುದು. ಜೋರಾಗಿ ಮಳೆ ಬಂದರೆ ಸೂರಿನ ಕೆಳಗೆ ಸೇರುವುದು. ನಾವು ಸಂಜೆ ಬಾಗಿಲು ಹಾಕಿ ಅಗಳಿಯಿಟ್ಟ ಮೇಲೆ ಅದಕ್ಕೆ ಆ ಸ್ವಾತಂತ್ರ್ಯವಿಲ್ಲ. ಬೆಳಗಿನ ತನಕ ಅದು ಸೇವಿಸುವ ಗಾಳಿ, ನಿಲ್ಲುವ ನೆಲ, ಶತ್ರುವಿನಿಂದ ರಕ್ಷಣೆ, ಇವೆಲ್ಲ ನಮ್ಮ ಹೊಣೆ. ಕೂಡಿಹಾಕಿದವನೇ ಕಾಪಾಡತಕ್ಕವನು. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಹಣವನ್ನು ಎಲ್ಲಿ ಬಿಗಿಹಿಡಿಯಬಹುದು, ಎಲ್ಲಿ ಬಿಗಿಹಿಡಿಯಬಾರದು ಎಂಬುದು ತಾನಾಗಿಯೇ ಗೊತ್ತಾಗುವುದು.

ಇನ್ನು ಕೆಲಸಕ್ಕೆ ಬರೋಣ. ಹತ್ತು ಅಡಿ ಉದ್ದ, ಎಂಟು ಅಡಿ ಅಗಲದ ಒಂದು ಕೊಟ್ಟಿಗೆಯನ್ನು ಉದಾಹರಣೆಗಾಗಿ ಇಟ್ಟುಕೊಳ್ಳೋಣ. ಒಳಗಿನ ನೆಲ ೮೦ ಚದರ ಅಡಿ. ದೊಡ್ಡ ಕೋಳಿಯೊಂದಕ್ಕೆ ಎರಡು ಎರಡೂವರೆ ಚದರ ಅಡಿ ಸಾಕೆಂದು ವ್ಯಾಪಾರದ ಲೆಕ್ಕ. ಆ ಲೆಕ್ಕದಂತೆ ಮೂವತ್ತಕ್ಕೂ ಹೆಚ್ಚು ಹಕ್ಕಿಗಳನ್ನು ತುಂಬಬಹುದು. ಮನೆಮಟ್ಟಿನ ಸಾಕಣೆಗೆ ನಾವು ಹಾಗೆ ಹೇಳಲಾರೆವು. ಹದಿನೈದು ಹೇಂಟೆ, ಒಂದು ಹುಂಜ, ಒಟ್ಟು ಹದಿನಾರು. ತಲೆಗೆ ಐದು ಚದರ ಅಡಿ. ಮಳೆ ಹಿಡಿದು ನಾಲ್ಕು ದಿನ ಹೊರಗೆ ಬಿಡಲಾಗದಿದ್ದಾಗ ಈ ವಿಶಾಲತೆಯ ಬೆಲೆ ತಿಳಿಯುವುದು. ಇಕ್ಕಟ್ಟಿನಲ್ಲಿ ಕೋಳಿಗಳು ಒಂದರ ಪುಕ್ಕವನ್ನೊಂದು ಕಿತ್ತು ಗಾಯಮಾಡುವುವು.

ಮೊದಲನೆಯ ಕೆಲಸ ತೆರವು ಮಾಡುವುದು. ಹತ್ತಿ ಬೆಳೆಯುವ ನಾಡಿನ ಕೊಟ್ಟಿಗೆಯಲ್ಲಿ ಕೀಟನಾಶಕದ ಡಬ್ಬಿಯಿರುವುದು ಸಾಮಾನ್ಯ. ಅವುಗಳನ್ನೂ ಗೊಬ್ಬರದ ಚೀಲಗಳನ್ನೂ ಹೊರಹಾಕಿ, ಅವು ಸೋರಿದ ಜಾಗದ ಮಣ್ಣನ್ನು ಅರ್ಧ ಅಡಿ ಆಳದವರೆಗೆ ತೋಡಿ ತೆಗೆಯಬೇಕು. ಕೋಳಿ ನೆಲವನ್ನು ಕೆದಕಿ ಕುಕ್ಕಿ ತಿನ್ನುವ ಪ್ರಾಣಿ; ದನಕ್ಕೆ ಅಪಾಯವಿಲ್ಲದ ನೆಲ ಕೋಳಿಗೆ ವಿಷವಾಗಬಹುದು. ತೆಗೆದ ಮಣ್ಣನ್ನು ಬಾವಿಗೂ ತಿಪ್ಪೆಗೂ ದೂರವಾಗಿ ಹೂಳತಕ್ಕದ್ದು. ಆಮೇಲೆ ಗೋಡೆಯ ಬಿರುಕುಗಳು. ದನ ಕಟ್ಟಿದ ಕೊಟ್ಟಿಗೆಯ ಸಂದುಗಳಲ್ಲಿ ಉಣ್ಣೆಗಳು ಅಡಗಿರುವುವು. ಮಣ್ಣು ಸೆಗಣಿಗಳನ್ನು ಕಲಸಿ ಬಿರುಕುಗಳನ್ನು ಮುಚ್ಚಿ, ಒಣಗಿದ ಮೇಲೆ ಎರಡು ಸಲ ಸುಣ್ಣ ಬಳಿದರೆ ಕೀಟದ ಕಾಟವೂ ತಗ್ಗುವುದು, ಒಳಗೆ ಬೆಳಕೂ ಹೆಚ್ಚುವುದು.

ಎರಡನೆಯದು ನೆಲ. ಎರೆಮಣ್ಣು ಬೇಸಗೆಯಲ್ಲಿ ಬಿರಿಯುವುದು, ಮಳೆಗಾಲದಲ್ಲಿ ಉಬ್ಬಿ ಕೆಸರಾಗುವುದು. ಬಿರುಕು ಇಲಿಗೂ ಹಾವಿಗೂ ದಾರಿ. ತೇವ ರೋಗಕ್ಕೆ ದಾರಿ. ಆದುದರಿಂದ ಒಳನೆಲವನ್ನು ಹೊರಗಿನ ಮಟ್ಟಕ್ಕಿಂತ ಒಂದು ಅಡಿಯಾದರೂ ಎತ್ತರಿಸಿ, ಗರಸು ಹಾಕಿ, ನೀರು ಚಿಮುಕಿಸಿ, ದಿಮ್ಮಸಿನಿಂದ ಬಡಿದು ಗಟ್ಟಿಮಾಡಬೇಕು. ಸಿಮೆಂಟಿನ ಖರ್ಚು ಅಗತ್ಯವಿಲ್ಲ. ಹಳೆಯ ಪರಸಿಕಲ್ಲುಗಳು ಮನೆಯಲ್ಲಿದ್ದರೆ ಹಾಸಬಹುದು. ನದಿಯ ದಡದ ಊರುಗಳಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ೨೦೧೯ನೆಯ ಇಸವಿಯ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ತೀರದ ಅನೇಕ ಗ್ರಾಮಗಳಿಗೆ ನೀರು ನುಗ್ಗಿತು. ತಗ್ಗಿನಲ್ಲಿರುವ ಕೊಟ್ಟಿಗೆಗೆ ಎಷ್ಟು ಖರ್ಚುಮಾಡಿದರೂ ಅದು ಕೋಳಿಯ ಮನೆಯಾಗದು. ಅಂಥ ಕಡೆ ಕೈಹಾಕದಿರುವುದೇ ಮಿತವ್ಯಯ.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಗಾಳಿ. ಕೋಳಿಯ ಮೈಯ ಶಾಖ ಸುಮಾರು ೪೧ ಸೆಂಟಿಗ್ರೇಡ್ ಅಂಶ. ಅದಕ್ಕೆ ಬೆವರಿನ ಗ್ರಂಥಿಗಳಿಲ್ಲ. ಬಾಯ್ದೆರೆದು ಏದುತ್ತ ಉಸಿರಿನ ತೇವದ ಮೂಲಕವೇ ಶಾಖವನ್ನು ಕಳೆಯಬೇಕು. ಹೊರಗಿನ ಸೆಕೆ ೩೫ ಅಂಶವನ್ನು ದಾಟಿದಾಗ ಮುಚ್ಚಿದ ಕೋಣೆಯಲ್ಲಿ ಆ ಉಪಾಯವೂ ಸೋಲುವುದು. ದನದ ಕೊಟ್ಟಿಗೆಗೆ ಸಾಮಾನ್ಯವಾಗಿ ಒಂದು ಬಾಗಿಲು, ಒಂದೆರಡು ಬೆಳಕಿಂಡಿ. ಇದು ಸಾಲದು. ಉದ್ದದ ಎರಡು ಗೋಡೆಗಳಲ್ಲಿ ಎದುರುಬದುರಾಗಿ ತೆರವುಗಳು ಬೇಕು.

ಇಲ್ಲಿ ಅವಸರ ಸಲ್ಲದು. ಮಾಡಿನ ಭಾರವನ್ನು ಮರದ ಕಂಬಗಳು ಹೊತ್ತಿದ್ದು, ನಡುವೆ ಗೋಡೆ ಬರಿಯ ಮರೆಯಾಗಿದ್ದರೆ, ನೆಲದಿಂದ ಎರಡು ಅಡಿ ಬಿಟ್ಟು ಮೇಲಕ್ಕೆ ಮೂರು ಅಡಿ ಎತ್ತರ, ಎಂಟು ಅಡಿ ಉದ್ದ ಗೋಡೆಯನ್ನು ತೆಗೆಯಬಹುದು. ಜಂತಿಗಳು ಗೋಡೆಯ ಮೇಲೆಯೇ ಕುಳಿತಿದ್ದರೆ ಹಾಗೆ ಮಾಡುವುದು ಮಾಡನ್ನು ತಲೆಯ ಮೇಲೆ ಕೆಡವಿಕೊಂಡಂತೆ. ಆಗ ಗೌಂಡಿಯನ್ನು ಕರೆಯಿಸಿ, ಒಂದೊಂದು ಗೋಡೆಯಲ್ಲಿ ಎರಡೂವರೆ ಅಡಿಯ ಎರಡೆರಡು ಕಿಟಕಿಗಳನ್ನು, ಮೇಲೆ ಕಲ್ಲಿನ ಅಥವಾ ಮರದ ಅಡ್ಡಪಟ್ಟಿಯಿಟ್ಟು ತೆಗೆಸತಕ್ಕದ್ದು. ಒಂದು ದಿನದ ಆ ಕೂಲಿಯಲ್ಲಿ ಉಳಿತಾಯವನ್ನು ನೋಡಬಾರದು.

ಉದ್ದದ ಗೋಡೆಗಳು ದಕ್ಷಿಣೋತ್ತರಗಳಿಗೆ ಮುಖಮಾಡಿದ್ದರೆ ಉತ್ತಮ. ಬಿಸಿಲು ನೇರವಾಗಿ ಒಳಗೆ ಬೀಳದು. ಹಳೆಯ ಕೊಟ್ಟಿಗೆಯನ್ನು ನಮಗೆ ಬೇಕಾದ ದಿಕ್ಕಿಗೆ ತಿರುಗಿಸುವಂತಿಲ್ಲವಾದ್ದರಿಂದ, ಪಶ್ಚಿಮಕ್ಕೆ ತೆರವು ಬಂದಲ್ಲಿ ಜೋಳದ ದಂಟಿನ ತಟ್ಟಿಯನ್ನು ಕಟ್ಟಬಹುದು; ಒಂದು ನುಗ್ಗೆಯನ್ನೋ ಬೇವನ್ನೋ ನೆಡಬಹುದು. ಆ ಪ್ರಾಂತ್ಯದಲ್ಲಿ ಮುಂಗಾರಿನ ಮಳೆ ನೈರುತ್ಯದಿಂದ ಬಡಿಯುವುದರಿಂದ ಆ ಪಕ್ಕದ ಸೂರನ್ನು ಮೂರು ಅಡಿ ಮುಂದಕ್ಕೆ ಚಾಚಬೇಕು. ಮಳೆಗಾಲದಲ್ಲಿ ಗೋಣಿಯ ಪರದೆ ಇಳಿಬಿಡುವ ವಾಡಿಕೆಯುಂಟು. ಪರದೆಯನ್ನು ಕೆಳಗಿನಿಂದ ಮೇಲಕ್ಕೆ ಎಳೆದು ಕಟ್ಟುವ ಹಾಗೆ ಮಾಡಿದರೆ, ಕೆಳಗೆ ಎರಚಲು ತಡೆದು ಮೇಲಿನ ಒಂದು ಗೇಣು ತೆರವಾಗಿ ಉಳಿಯುವುದು. ಬಿಸಿಗಾಳಿಯೂ ಕೆಟ್ಟ ವಾಸನೆಯೂ ಮೇಲಕ್ಕೇರುವುವಾದ್ದರಿಂದ ಆ ಒಂದು ಗೇಣನ್ನು ಚಳಿಗಾಲದಲ್ಲಿಯೂ ಮುಚ್ಚಬಾರದು.

ಮಾಡು ಹೆಂಚಿನದಾದರೆ ಒಡೆದ ಹೆಂಚುಗಳನ್ನು ಬದಲಾಯಿಸಿದರೆ ಸಾಕು. ಒಂದು ಗಾಜಿನ ಹೆಂಚು ಹಾಕಿದರೆ ಬೆಳಕಿಗೆ ಅನುಕೂಲ. ತಗಡಿನದಾದರೆ ಚಿಂತಿಸಬೇಕು. ಚೈತ್ರ ವೈಶಾಖಗಳ ಮಧ್ಯಾಹ್ನ ತಗಡಿನ ಕೆಳಗೆ ನಿಂತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸುಗ್ಗಿ ಮುಗಿದೊಡನೆ ತಗಡಿನ ಮೇಲೆ ದಪ್ಪವಾಗಿ ಸುಣ್ಣ ಬಳಿದರೆ ಬಿಸಿಲಿನ ಬಹುಭಾಗ ಹಿಂದಕ್ಕೆ ಹೋಗುವುದು. ಅದರ ಮೇಲೆ ಕಬ್ಬಿನ ರವದಿಯನ್ನೋ ಜೋಳದ ದಂಟನ್ನೋ ಹಗ್ಗದಿಂದ ಬಿಗಿದರೆ ಇನ್ನೂ ತಂಪು. ಹೀರೆಯ ಬಳ್ಳಿಯನ್ನು ಹಬ್ಬಿಸಿದರೆ ನೆರಳಿನ ಜೊತೆಗೆ ಪಲ್ಯವೂ ಆಯಿತು.

ನಾಲ್ಕನೆಯದು ಜಾಲರಿ. ಈ ಎಲ್ಲ ಕಾರ್ಯದಲ್ಲಿ ಅಂಗಡಿಯಿಂದ ಹೊಸದಾಗಿಯೇ ಕೊಳ್ಳಬೇಕಾದ ಮುಖ್ಯ ವಸ್ತು ಇದೊಂದೇ. ಆರು ಮೂಲೆಯ ಕಣ್ಣುಗಳ ತೆಳು ಜಾಲರಿ ಅಗ್ಗವಾಗಿ ಸಿಕ್ಕುವುದು. ಅದು ಕೋಳಿಯನ್ನು ಒಳಗೆ ಹಿಡಿದಿಡುವುದೇ ಹೊರತು, ನಾಯಿಯನ್ನಾಗಲಿ ಮುಂಗುಸಿಯನ್ನಾಗಲಿ ಹೊರಗೆ ತಡೆಯಲಾರದು. ಅರ್ಧ ಅಂಗುಲದ ಚೌಕದ ಕಣ್ಣುಗಳುಳ್ಳ, ಬೆಸುಗೆಯ ಗಟ್ಟಿ ತಂತಿಯ ಜಾಲರಿಯನ್ನೇ ಕೊಳ್ಳತಕ್ಕದ್ದು. ನಾವು ಹೇಳಿದ ಎರಡು ತೆರವುಗಳಿಗೆ ನಾಲ್ಕು ಅಡಿ ಅಗಲದ ಜಾಲರಿ ಒಂದೊಂದಕ್ಕೆ ಒಂಬತ್ತು ಅಡಿ, ಬಾಗಿಲಿನ ಒಳಗೆ ಇನ್ನೊಂದು ಜಾಲರಿಯ ಕದಕ್ಕೆ ಏಳು ಅಡಿ, ಒಟ್ಟು ೨೫ ಅಡಿ ಉದ್ದ ಸಾಕಾಗುವುದು. ಅಂಚುಗಳನ್ನು ಬರಿಯ ಮೊಳೆಗೆ ಸಿಕ್ಕಿಸದೆ, ಮೇಲೆ ಮರದ ಪಟ್ಟಿಯಿಟ್ಟು ಬಡಿಯಬೇಕು. ಮುಂಗುಸಿ ಗೋಡೆಯ ಬುಡವನ್ನು ತೋಡಿ ಬರುವುದೂ ಉಂಟು. ಅದಕ್ಕೆ ಜಾಲರಿಯನ್ನು ಹೂಳಬೇಕಾಗಿಲ್ಲ. ಗೋಡೆಯ ಸುತ್ತ ಒಂದು ಅಡಿ ಅಗಲಕ್ಕೆ ಹೊಲದ ಕಲ್ಲುಗಳನ್ನು ಒತ್ತಾಗಿ ಹೂತರೆ ಸಾಕು. ಕದಕ್ಕೆ ಒಂದು ಒಳ್ಳೆಯ ಚಿಲಕ ಹಾಕಿಸಿರಿ. ಹಗ್ಗದ ಗಂಟು ನಾಯಿಗೆ ಲೆಕ್ಕವಿಲ್ಲ.

ಇನ್ನು ಒಳಗಿನ ಸಲಕರಣೆಗಳು. ಇವುಗಳಿಗೆ ಕಾಸು ಖರ್ಚಾಗಬಾರದು. ಮಲಗುವುದಕ್ಕೆ, ಎಂಟು ಅಡಿ ಅಗಲಕ್ಕೆ ಅಡ್ಡವಾಗಿ, ನೆಲದಿಂದ ಎರಡು ಅಡಿ ಎತ್ತರದಲ್ಲಿ ಎರಡು ಗಳುಗಳನ್ನು ಕಟ್ಟಿರಿ. ಕೋಳಿಯೊಂದಕ್ಕೆ ಎಂಟರಿಂದ ಹತ್ತು ಅಂಗುಲ ಜಾಗ ಬೇಕು. ಹದಿನಾರು ಅಡಿಯಲ್ಲಿ ಹದಿನಾರು ಹಕ್ಕಿಗಳು ಸುಖವಾಗಿ ಕೂಡುವುವು. ಎರಡು ಗಳುಗಳೂ ಒಂದೇ ಎತ್ತರದಲ್ಲಿರಲಿ, ನಡುವೆ ಒಂದೂವರೆ ಅಡಿ ಅಂತರವಿರಲಿ. ಒಂದು ಮೇಲೆ ಒಂದು ಕೆಳಗೆ ಇಟ್ಟರೆ ಮೇಲಿನ ಪೀಠಕ್ಕಾಗಿ ದಿನದಿನವೂ ಕಲಹ. ಈ ವಿಷಯದಲ್ಲಿ ಕೋಳಿಗಳು ಮನುಷ್ಯರಿಗಿಂತ ಬೇರೆಯಲ್ಲ.

ಮೊಟ್ಟೆಯಿಡಲು ನಾಲ್ಕೈದು ಹೇಂಟೆಗೆ ಒಂದರಂತೆ ಒಂದು ಅಡಿ ಚೌಕದ ಗೂಡು ಬೇಕು, ಹದಿನೈದಕ್ಕೆ ನಾಲ್ಕು. ದನದ ಕೊಟ್ಟಿಗೆಯಲ್ಲಿ ಗೋದಲಿಯಿದ್ದೇ ಇರುವುದಷ್ಟೆ. ಅದರೊಳಗೆ ಮೂರು ಹಲಗೆಗಳನ್ನು ಅಡ್ಡ ನಿಲ್ಲಿಸಿ, ಮುಂದಕ್ಕೆ ಒಂದು ಗೋಣಿಯನ್ನು ಅರ್ಧ ಇಳಿಬಿಟ್ಟರೆ ನಾಲ್ಕು ಗೂಡುಗಳು ಸಿದ್ಧ. ಗೋದಲಿಯಿಲ್ಲದವರು ಮಾವಿನಹಣ್ಣಿನ ಪೆಟ್ಟಿಗೆಗಳನ್ನು ಇಡಬಹುದು. ಗೂಡು ಮಲಗುವ ಗಳುವಿಗಿಂತ ಕೆಳಗಿರಬೇಕು. ಮೇಲಿದ್ದರೆ ಕೋಳಿ ಅದರಲ್ಲಿಯೇ ಮಲಗಿ ಹೊಲಸು ಮಾಡುವುದು. ಒಂದು ಮೂಲೆಯಲ್ಲಿ ಅಗಲವಾದ ಹಳೆಯ ಬುಟ್ಟಿಯಿಟ್ಟು ಒಣಮಣ್ಣನ್ನೂ ಬೂದಿಯನ್ನೂ ತುಂಬಿದರೆ ಧೂಳಿಯ ಸ್ನಾನಕ್ಕೂ ಏರ್ಪಾಡಾಯಿತು. ಮೈಯ ಹೇನನ್ನು ಕೋಳಿ ಹೀಗೆಯೇ ಕಳೆದುಕೊಳ್ಳುವುದು.

ನೆಲದ ಮೇಲಣ ಹಾಸು ಸ್ವಲ್ಪ ವಿವರಣೆಗೆ ಯೋಗ್ಯವಾದದ್ದು. ಸವದತ್ತಿ, ರಾಮದುರ್ಗಗಳ ಕಡೆ ಶೇಂಗಾದ ಸಿಪ್ಪೆ, ಕಿತ್ತೂರಿನ ಕಡೆ ಭತ್ತದ ಹೊಟ್ಟು ಸುಲಭವಾಗಿ ದೊರೆಯುವುದು. ಚೆನ್ನಾಗಿ ಒಣಗಿಸಿ ಮೂರು ನಾಲ್ಕು ಅಂಗುಲ ದಪ್ಪಕ್ಕೆ ಹರಡಬೇಕು. ಇದನ್ನು ದಿನವೂ ಗುಡಿಸಬೇಕಾಗಿಲ್ಲ. ವಾರಕ್ಕೆರಡು ಸಲ ಕೆದಕಿ ತಿರುವಿಹಾಕುತ್ತ, ಆಗಾಗ ಮೇಲೆ ಹೊಸ ಸಿಪ್ಪೆಯನ್ನು ಸೇರಿಸುತ್ತ ಬಂದರೆ, ಅದು ಒಳಗೊಳಗೇ ಮಾಗಿ ವರ್ಷದ ಕೊನೆಗೆ ಒಳ್ಳೆಯ ಗೊಬ್ಬರವಾಗುವುದು. ೧೯೪೦ರ ದಶಕದಲ್ಲಿ ಅಮೆರಿಕದ ಓಹಾಯೋ ಪ್ರಾಂತದ ಪ್ರಯೋಗಶಾಲೆಯಲ್ಲಿ ಈ ಕ್ರಮವನ್ನು ಪರೀಕ್ಷಿಸಿದವರು, ಮಾಗಿದ ಹಾಸಿನ ಮೇಲೆ ಬೆಳೆದ ಕೋಳಿಗಳು ಹೆಚ್ಚು ಆರೋಗ್ಯವಾಗಿರುವುದನ್ನು ಕಂಡರು. ಹಾಸಿನಲ್ಲಿರುವ ಸೂಕ್ಷ್ಮಜೀವಿಗಳು ಬಿ-೧೨ ಎಂಬ ಜೀವಸತ್ತ್ವವನ್ನು ಉಂಟುಮಾಡುವುವೆಂಬುದು ಆಮೇಲೆ ತಿಳಿದುಬಂತು. ಹಾಸಿನ ಹದವನ್ನು ನೋಡಲು ಯಂತ್ರ ಬೇಡ. ಒಂದು ಹಿಡಿ ತೆಗೆದು ಅಮುಕಿರಿ. ಉಂಡೆಯಾಗಿ ನಿಂತರೆ ತೇವ ಹೆಚ್ಚು, ಒಣಸಿಪ್ಪೆ ಸೇರಿಸಿರಿ. ಅಮುಕಿದ್ದು ಮೆಲ್ಲನೆ ಬಿಚ್ಚಿಕೊಂಡರೆ ಹದ ಸರಿ. ಇದರ ಜೊತೆಗೆ, ವಾರಕ್ಕೊಮ್ಮೆ ಕೋಳಿಯ ಎತ್ತರಕ್ಕೆ ಬಗ್ಗಿ ಉಸಿರೆಳೆದು ನೋಡಿರಿ. ನಿಂತಾಗ ನಮಗೆ ತಿಳಿಯದ ಕಟುವಾಸನೆ ಅಲ್ಲಿ ಕಣ್ಣನ್ನು ಉರಿಸುವುದಾದರೆ, ಅವು ರಾತ್ರಿಯೆಲ್ಲ ಅದನ್ನೇ ಸೇವಿಸುತ್ತಿವೆಯೆಂದು ತಿಳಿಯಬೇಕು.

ಮನೆ ಸಿದ್ಧವಾಯಿತು, ಕೋಳಿ ಯಾವುದು? ನಾಟಿಕೋಳಿ ವರ್ಷಕ್ಕೆ ಐವತ್ತು ಅರವತ್ತು ಮೊಟ್ಟೆಗಳನ್ನಿಟ್ಟರೂ, ತಾನೇ ೨೧ ದಿನ ಕಾವು ಕುಳಿತು ಮರಿ ಮಾಡುವುದು. ಬೆಂಗಳೂರಿನ ಹೆಬ್ಬಾಳದಲ್ಲಿ ಸಿದ್ಧವಾದ ಗಿರಿರಾಜ, ಸ್ವರ್ಣಧಾರ ಎಂಬ ತಳಿಗಳು ಹಿತ್ತಿಲ ಸಾಕಣೆಗೆಂದೇ ರೂಪುಗೊಂಡವು. ಗಿರಿರಾಜ ತೂಕದ ಹಕ್ಕಿ. ನಾಯಿ ಬಂದರೆ ಹಾರಲು ನಿಧಾನ. ಸ್ವರ್ಣಧಾರ ಅದಕ್ಕಿಂತ ಹಗುರ, ಮೊಟ್ಟೆಯೂ ಹೆಚ್ಚು. ಇವು ಕಾವು ಕೂಡುವುದು ಅಪರೂಪವಾದ್ದರಿಂದ, ಹದಿನೈದರಲ್ಲಿ ಎರಡು ನಾಟಿ ಹೇಂಟೆಗಳಿದ್ದರೆ ಮರಿ ಮಾಡಿಸುವ ಕೆಲಸ ಅವುಗಳಿಂದಲೇ ಆಗುವುದು. ಒಂದು ದಿನದ ಮರಿಗಳನ್ನು ತಂದು ದೀಪದ ಶಾಖದಲ್ಲಿ ಬೆಳೆಸುವುದಕ್ಕಿಂತ, ಆರು ವಾರದ ಮರಿಗಳನ್ನು ಕೊಳ್ಳುವುದು ಹೊಸಬರಿಗೆ ಮೇಲು.

ಇಲ್ಲಿ ಒಂದು ಮರೆಯಾದ ಖರ್ಚನ್ನು ಹೇಳಲೇಬೇಕು. ಆರು ವಾರದ ಮರಿ ಮೊದಲ ಮೊಟ್ಟೆಯಿಡುವುದಕ್ಕೆ ಇನ್ನೂ ಸುಮಾರು ಹದಿನಾರು ವಾರ ಬೇಕು. ದಿನಕ್ಕೆ ಸರಾಸರಿ ೭೫ ಗ್ರಾಮಿನಂತೆ ಹದಿನಾರು ಹಕ್ಕಿಗಳಿಗೆ ದಿನಕ್ಕೆ ೧ ಕಿಲೋ ೨೦೦ ಗ್ರಾಮು. ಹದಿನಾರು ವಾರಕ್ಕೆ ಸುಮಾರು ೧೩೪ ಕಿಲೋ ಆಹಾರ. ಅಂಗಳದಲ್ಲಿ ಮೇಯ್ದರೆ ಇದು ತಗ್ಗುವುದಾದರೂ ಇಲ್ಲವಾಗುವುದಿಲ್ಲ. ಅನೇಕರು ಗೂಡಿಗೆ ಹಣವನ್ನೆಲ್ಲ ಸುರಿದು, ಮೂರನೆಯ ತಿಂಗಳಲ್ಲಿ ಕಾಳಿಗೆ ಕಾಸಿಲ್ಲದೆ, ಮೊಟ್ಟೆ ಬರುವ ಮುನ್ನವೇ ಕೋಳಿಗಳನ್ನು ಮಾರಿಬಿಡುವರು. ಆದುದರಿಂದ ಕೈಯಲ್ಲಿರುವ ಹಣವನ್ನು ಮೊದಲು ಎರಡು ಭಾಗ ಮಾಡಿ, ಕಾಳಿನ ಭಾಗವನ್ನು ಮುಟ್ಟದೆ ತೆಗೆದಿಟ್ಟು, ಉಳಿದುದರಲ್ಲಿ ಕಟ್ಟತಕ್ಕದ್ದು. ಹಣ ಸಾಲದಿದ್ದರೆ ಹಕ್ಕಿಗಳ ಸಂಖ್ಯೆಯನ್ನು ತಗ್ಗಿಸಿರಿ. ಜಾಲರಿಯ ಗಟ್ಟಿತನವನ್ನು ತಗ್ಗಿಸಬೇಡಿರಿ. ಮುಂದೆ ಒಂದೊಂದು ಹೇಂಟೆ ವರ್ಷಕ್ಕೆ ೧೪೦ ಮೊಟ್ಟೆ ಕೊಟ್ಟಿತೆಂದರೂ ಹದಿನೈದರಿಂದ ೨,೧೦೦, ದಿನಕ್ಕೆ ಐದಾರು. ಮನೆಯ ಮಕ್ಕಳಿಗೆ ಸಂದು ಮಿಕ್ಕುದು ಮಾರುವುದಕ್ಕೆ.

ಆಹಾರದಲ್ಲಿ ಜೋಳ, ಸಜ್ಜೆ, ಮೆಕ್ಕೆಜೋಳದ ನುಚ್ಚು, ಹಿಂಡಿ, ಸೊಪ್ಪು ಇವು ಸಾಮಾನ್ಯ. ಚಿಪ್ಪಿಗಾಗಿ ಸುಣ್ಣದ ಅಂಶವುಳ್ಳ ಕಪ್ಪೆಚಿಪ್ಪಿನ ಪುಡಿ ಬೇರೆ ಪಾತ್ರೆಯಲ್ಲಿರಲಿ. ಎರಡು ಎಚ್ಚರಿಕೆಗಳನ್ನು ಮಾತ್ರ ಹೇಳುವೆವು. ಹಸುವಿಗೆ ಹತ್ತಿಕಾಳು ಹಾಕುವ ಮನೆಯಲ್ಲಿ ಅದನ್ನೇ ಕೋಳಿಗೂ ಹಾಕುವ ಆಸೆ ಹುಟ್ಟುವುದು. ಹತ್ತಿಕಾಳಿನಲ್ಲಿ ಗಾಸಿಪಾಲ್ ಎಂಬ ವಿಷಾಂಶವಿದೆ. ಅದರಿಂದ ಮೊಟ್ಟೆಯ ಹಳದಿ ಭಾಗ ಹಸುರುಗಪ್ಪಾಗುವುದು. ಬೂಸು ಹಿಡಿದ ಶೇಂಗಾ ಹಿಂಡಿ ಇದಕ್ಕಿಂತ ಕೆಟ್ಟದ್ದು. ೧೯೬೦ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿಕೋಳಿಗಳು ಸತ್ತುದಕ್ಕೆ ಅಂಥ ಹಿಂಡಿಯೇ ಕಾರಣವೆಂದು ಗೊತ್ತಾಗಿ, ಅಫ್ಲಾಟಾಕ್ಸಿನ್ ಎಂಬ ವಿಷ ಲೋಕಕ್ಕೆ ಪರಿಚಯವಾಯಿತು. ಅಗ್ಗವೆಂದು ಬೂಸಿನ ಹಿಂಡಿಯನ್ನು ಕೊಳ್ಳುವುದಕ್ಕಿಂತ ಕೊಳ್ಳದಿರುವುದು ಲಾಭ. ಹಾಸಿಗೆ ತರುವ ಶೇಂಗಾ ಸಿಪ್ಪೆಗೂ ಈ ಮಾತು ಅನ್ವಯಿಸುವುದು.

ಕೊನೆಯದಾಗಿ, ಜಾಲರಿ ತಡೆಯಲಾರದ ಶತ್ರುವೊಂದಿದೆ. ಕನ್ನಡದಲ್ಲಿ ಕೊಕ್ಕರೆ ರೋಗವೆಂದು ಕರೆಯುವ ಈ ಬೇನೆಗೆ ರಾಣಿಖೇತವೆಂದು ಹೆಸರು. ೧೯೨೮ನೆಯ ಇಸವಿಯಲ್ಲಿ ಹಿಮಾಲಯದ ತಪ್ಪಲಿನ ಆ ಊರಿನಲ್ಲಿ ಇದನ್ನು ಗುರುತಿಸಿದುದರಿಂದ ಆ ಹೆಸರು ನಿಂತಿತು. ಕೋಳಿ ಬಾಯ್ದೆರೆದು ಏದುವುದು, ಹಸುರಾಗಿ ಭೇದಿಯಾಗುವುದು, ಕುತ್ತಿಗೆ ತಿರುಚುವುದು. ಬಂದ ಮೇಲೆ ಮದ್ದಿಲ್ಲ; ಕೆಲವೇ ದಿನಗಳಲ್ಲಿ ಗೂಡು ಬರಿದಾಗುವುದು. ಬಾರದಂತೆ ಮಾಡಲು ಲಸಿಕೆಯುಂಟು. ಮರಿಗೆ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಒಂದು ತೊಟ್ಟು, ಎಂಟನೆಯ ವಾರದ ಹೊತ್ತಿಗೆ ಒಂದು ಚುಚ್ಚುಮದ್ದು, ಆಮೇಲೆ ಪಶುವೈದ್ಯರು ಹೇಳಿದಂತೆ. ಆರು ವಾರದ ಮರಿ ಕೊಳ್ಳುವವರು ಮೊದಲ ಲಸಿಕೆ ಆಗಿದೆಯೇ ಎಂದು ಮಾರುವವರನ್ನು ಕೇಳಿಯೇ ಕೊಳ್ಳಬೇಕು.

ಆದರೆ ಈ ಲಸಿಕೆಯ ಒಂದು ಸೀಸೆ ಸಾಮಾನ್ಯವಾಗಿ ನೂರು ಹಕ್ಕಿಗಳಿಗೆ ಆಗುವಷ್ಟಿರುವುದು. ಅದನ್ನು ತಂಪಿನಲ್ಲಿಯೇ ತರಬೇಕು. ಒಡೆದು ಕಲಸಿದ ಮೇಲೆ ಕೆಲವು ಗಂಟೆಗಳೊಳಗೆ ಮುಗಿಸಬೇಕು. ಹದಿನಾರು ಕೋಳಿಯವರು ಉಳಿದುದನ್ನು ಚೆಲ್ಲಬೇಕಾಗುವುದು. ಎರಡು ಕೋಳಿಯ ಬಡ ಮುದುಕಿ ಸೀಸೆಯನ್ನು ತರುವುದೇ ಇಲ್ಲ. ಆ ಮುದುಕಿಯ ಎರಡು ಕೋಳಿಗಳಿಗೆ ರೋಗ ಬಂದರೆ ಅದು ಗಾಳಿಯಲ್ಲಿಯೂ ಕಾಲಿನ ಕೆಸರಿನಲ್ಲಿಯೂ ನಮ್ಮ ಹದಿನಾರನ್ನು ಹುಡುಕಿಕೊಂಡು ಬರುವುದು. ಹೀಗಿರಲು ಓಣಿಯವರೆಲ್ಲ ಒಂದೇ ಬೆಳಿಗ್ಗೆ ಒಂದೇ ಅಂಗಳಕ್ಕೆ ತಮ್ಮ ಕೋಳಿಗಳನ್ನು ಬುಟ್ಟಿಯಲ್ಲಿ ತಂದು ಹಾಕಿಸುವುದು ಉಚಿತ. "ಅಕ್ಕಾರ, ನಾಳೆ ಮುಂಜಾನೆ ದನದ ಡಾಕ್ಟರು ಬರತಾರ, ನಿಮ್ಮ ಕೋಳೀನೂ ಹಿಡಕೊಂಡ ಬರ್ರಿ" ಎಂದು ಹಿಂದಿನ ಸಂಜೆ ನೆರೆಮನೆಯಲ್ಲಿ ಒಂದು ಮಾತು ಹೇಳುವುದಕ್ಕೆ ಖರ್ಚೇನೂ ಇಲ್ಲ. ನಾವು ಹೇಳಿದ ಉಪಾಯಗಳೆಲ್ಲವುಗಳಲ್ಲಿ ಇದೇ ಅತ್ಯಂತ ಅಗ್ಗವಾದದ್ದು, ಇದನ್ನು ಬಿಟ್ಟರೆ ಉಳಿದವೆಲ್ಲ ವ್ಯರ್ಥ. ಕೋಳಿಗಳು ಒಟ್ಟೊಟ್ಟಿಗೆ ಸಾಯತೊಡಗಿದರೆ ಅದನ್ನು ಮರೆಮಾಡದೆ, ಸತ್ತವುಗಳನ್ನು ಹಳ್ಳಕ್ಕೆ ಎಸೆಯದೆ, ಕೂಡಲೆ ಪಶು ಚಿಕಿತ್ಸಾಲಯಕ್ಕೆ ತಿಳಿಸುವುದೂ ಇದೇ ನೆರೆಹೊರೆಯ ಧರ್ಮಕ್ಕೆ ಸೇರಿದುದು.

ಶ್ರೋತೃಗಳೇ, ಒಣಗಿದ ನೆಲ, ತೆರೆದ ಗಾಳಿ, ಗಟ್ಟಿ ಜಾಲರಿ, ಕೂಡಿಟ್ಟ ಕಾಳು, ಸಕಾಲದ ಲಸಿಕೆ. ಈ ಐದಕ್ಕೆ ಹಣವನ್ನು ಮೀಸಲಿಡಿರಿ. ಮಿಕ್ಕುದೆಲ್ಲವನ್ನೂ ಹಳೆಯ ಗೋದಲಿ, ಹಳೆಯ ಗಳು, ಹಳೆಯ ಗೋಣಿಗಳಿಂದ ಸಾಗಿಸಿರಿ. ಈ ಬೇಸಗೆಯಲ್ಲಿಯೇ ಕೊಟ್ಟಿಗೆಯನ್ನು ತೆರವು ಮಾಡಿ ಗರಸು ಹಾಕಿದರೆ ಮಳೆಗಾಲಕ್ಕೆ ಮೊದಲು ನೆಲ ಗಟ್ಟಿಯಾಗುವುದು. ಮೊದಲ ಮಳೆಯಲ್ಲಿ ಎಲ್ಲಿ ಸೋರುವುದೆಂದು ನೋಡಿ ಸರಿಪಡಿಸಿದ ಮೇಲೆ ಕೋಳಿಗಳನ್ನು ತರಬಹುದು. ಎತ್ತುಗಳು ಹೋದ ಕೊಟ್ಟಿಗೆಯಲ್ಲಿ ಮತ್ತೆ ಬೆಳಗಿನ ಸದ್ದು ಕೇಳುವಂತಾಗಲಿ ಎಂಬುದು ನಮ್ಮ ಹಾರೈಕೆ.